ಭುಜದ ನೋವು ಇಳಿಯಿತು, ಈಗ ಕೈಯೇ ಏಳುತ್ತಿಲ್ಲ. ಯಾರಿಗಾದರೂ ಹೀಗಾಗಿದೆಯಾ?

ಹೊಸನಗರದಿಂದ: ನಮ್ಮ ಯಜಮಾನರಿಗೆ ಜ್ವರ ಬಿಟ್ಟು ಹತ್ತು ದಿನಕ್ಕೆ, ಒಂದು ರಾತ್ರಿ ಇದ್ದಕ್ಕಿದ್ದಂತೆ ಬಲ ಭುಜ ವಿಪರೀತ ನೋಯತೊಡಗಿತು. ಎರಡು ವಾರಕ್ಕೆ ನೋವು ಇಳಿಯಿತು. ತಿಂಗಳಾಯಿತು, ಕೈ ಮೇಲೆತ್ತಲು ಆಗುತ್ತಿಲ್ಲ. ‘ಪಾರ್ಸನೇಜ್ ಟರ್ನರ್’ ಎಂಬ ನರದ ಕಾಯಿಲೆ ಇರಬಹುದು ಎಂದಿದ್ದಾರೆ ಡಾಕ್ಟರು. ಅನುಭವ ಇದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿಯಿಂದ: ಅಕ್ಕ, ನನಗೂ ಥೇಟ್ ಹೀಗೇ ಆಗಿತ್ತು. ಅಡಿಕೆ ಕೊಯ್ಲಿನ ಸಮಯ. ರಾತ್ರಿ ಎರಡಕ್ಕೆ ನೋವಿಗೆ ಎದ್ದು ಕೂತವನು ಬೆಳಗಿನ ತನಕ ಮಲಗಲಿಲ್ಲ. ಮನೆಯಲ್ಲಿ ಉಳುಕು ಅಂದರು. ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹೊಯ್ದದ್ದೇ ಹೊಯ್ದದ್ದು. ನೋವು ಹೋಯಿತಲ್ಲ ಅಂತ ಖುಷಿಯಲ್ಲಿ ಅಡಿಕೆ ಸುಲಿಯಲು ಕೂತೆ. ಹೆಬ್ಬೆರಳಿಗೂ ತೋರುಬೆರಳಿಗೂ ತುದಿ ಸೇರಲಿಲ್ಲ. ಹಿಡಿದ ಅಡಿಕೆ ಮತ್ತೆ ಮತ್ತೆ ಜಾರಿತು. ಅಂಗಿ ತೆಗೆದಾಗ ಹೆಂಡತಿ ಗಾಬರಿಯಾದಳು. ಬೆನ್ನಿನ ಬಲಗಡೆಯ ಹಲಗೆ ಮೂಳೆ ರೆಕ್ಕೆಯ ಹಾಗೆ ಹೊರಗೆದ್ದಿತ್ತು. ನಿಮ್ಮ ಯಜಮಾನರಿಗೂ ಗೋಡೆಗೆ ಎರಡೂ ಕೈ ಒತ್ತಿ ನಿಲ್ಲಲು ಹೇಳಿ, ಹಿಂದಿನಿಂದ ನೋಡಿ.

ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳಿಗೆ ಉರಿಯೂತ ಬಂದು ಹೀಗಾಗುತ್ತದೆ. 1948ರಲ್ಲಿ ಪಾರ್ಸನೇಜ್, ಟರ್ನರ್ ಎಂಬ ಇಬ್ಬರು ಡಾಕ್ಟರು 136 ಜನರ ವಿವರ ಬರೆದ ಮೇಲೆ ಅವರ ಹೆಸರೇ ಉಳಿಯಿತು. ಜ್ವರ, ಆಪರೇಷನ್, ಹೆರಿಗೆ, ಅತಿಯಾದ ದುಡಿಮೆ ಇವುಗಳ ಬೆನ್ನಿಗೆ ಬರಬಹುದು. ಏನೂ ಇಲ್ಲದೆಯೂ ಬರುತ್ತದೆ. ಇಎಂಜಿ ಅಂತ ನರದ ಪರೀಕ್ಷೆ ಇದೆ. ಮೊದಲ ವಾರ ಮಾಡಿಸಿದರೆ ಏನೂ ಕಾಣದೆ ಹೋಗಬಹುದು, ಮೂರು ವಾರ ಕಳೆಯಬೇಕು. ನಿಮಗೆ ಈಗ ಸರಿಯಾದ ಸಮಯ. ಡಿಸ್ಕ್ ತೊಂದರೆ ಅಲ್ಲ ಅಂತ ಗೊತ್ತಾಗಲು ನನಗೆ ಕುತ್ತಿಗೆಯ ಎಂಆರ್‌ಐ ಕೂಡ ಮಾಡಿಸಿದರು.

ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ನನಗೆ ಒಂದೂವರೆ ವರ್ಷ ಹಿಡಿಯಿತು. ‘ನೋವಿಲ್ಲವಲ್ಲ, ಇನ್ನೇನು?’ ಅಂತ ಕೇಳುತ್ತಾರೆ ಜನ. ನನ್ನನ್ನು ಜಾಸ್ತಿ ಕುಗ್ಗಿಸಿದ್ದು ಆ ಮಾತು. ನೀವಾದರೂ ನಿಮ್ಮ ಯಜಮಾನರ ಪರವಾಗಿ ನಿಲ್ಲಿ.

ಸಾಗರದಿಂದ: ನನ್ನ ತಮ್ಮನಿಗೆ ನೋವು ಶುರುವಾದ ವಾರದೊಳಗೇ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದರು, ನೋವು ಬೇಗ ಇಳಿಯಿತು. ಶುಗರ್ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

ಶಿವಮೊಗ್ಗದಿಂದ: ನಾನು ಫಿಸಿಯೋಥೆರಪಿಸ್ಟ್. ಕೈಯನ್ನು ಸುಮ್ನೆ ಕಟ್ಟಿಡಬೇಡಿ, ಕೀಲು ಬಿಗಿಯುತ್ತದೆ. ಹಾಗಂತ ಭಾರ ಎತ್ತಿಸಲೂ ಬೇಡಿ. ದಣಿದ ಸ್ನಾಯುವಿನಿಂದ ಬಲವಂತವಾಗಿ ಕೆಲಸ ತೆಗೆದರೆ ನೋವು ಮರುಕಳಿಸುತ್ತದೆ. ಇದನ್ನು ಓದುವ ಬೇರೆಯವರಿಗೂ ಒಂದು ಮಾತು: ಎಡಭುಜದ ನೋವಿನ ಜೊತೆ ಎದೆ ಬಿಗಿದು ಬೆವರು ಬಂದರೆ ನರ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಹೊಸನಗರದಿಂದ: ಗೋಡೆಗೆ ಕೈ ಒತ್ತಿಸಿ ನೋಡಿದೆ. ಬಲಗಡೆಯ ಹಲಗೆ ಮೂಳೆ ಎದ್ದೇ ಇದೆ. ಸೋಮವಾರ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಡುತ್ತೇವೆ.