ಬೇರಿಂಗ್ ಸೀಟ್ 0.10 ಮಿಮೀ ಸಣ್ಣದಾಯ್ತು, ಟ್ಯಾಪ್ ಬೇರೆ ಒಳಗೇ ಮುರೀತು. ಉಳಿಸಬಹುದಾ?

ಪ್ರಶ್ನೆ

ಸಣ್ಣ ಬೆಲ್ಟ್ ಗ್ರೈಂಡರ್ ಒಂದನ್ನು ಮಾಡುತ್ತಿದ್ದೇನೆ. ಶಾಫ್ಟ್ ಮೈಲ್ಡ್ ಸ್ಟೀಲ್, ನಡುವೆ 28 ಮಿಮೀ, ಎರಡೂ ತುದಿಗೆ 6204 ಬೇರಿಂಗ್. ಅಂದರೆ ಶಾಫ್ಟ್ ಮೇಲೆ ಬೇರಿಂಗ್ ಕೂರುವ ಜಾಗ (ಸೀಟ್) 20 ಮಿಮೀ ವ್ಯಾಸ, 14 ಮಿಮೀ ಉದ್ದ. ಲೇತ್‌ನಲ್ಲಿ ಮೊದಲ ತುದಿಯಿಂದ ಚೂರು ಚೂರೇ ತೆಗೆದು, ಪ್ರತಿ ಸಲ ಅಳೆದು 20.01ಕ್ಕೆ ತಂದೆ. ಎರಡನೇ ತುದಿ ಹೊತ್ತಿಗೆ ಧೈರ್ಯ ಬಂದಿತ್ತು. 20.10 ಇತ್ತು. ಇನ್ನೊಂದೇ ಕಟ್ ಅಂದುಕೊಂಡು ಡಯಲ್‌ನಲ್ಲಿ 0.10 ಕೊಟ್ಟೆ. ಈಗ 19.90 ಇದೆ. ಬೇರಿಂಗ್ ಬಳೆ ಥರ ಆಡುತ್ತಿದೆ.

ಆ ಬೇಜಾರಿನಲ್ಲೇ ಬೇರಿಂಗ್ ಹಿಡಿಯುವ ಹೌಸಿಂಗ್ ಬ್ಲಾಕಿಗೆ ಎಂ6 (6 ಮಿಮೀ ಸ್ಕ್ರೂವಿನ) ಥ್ರೆಡ್ ಕೊರೆಯಲು ಟ್ಯಾಪ್ ಹಾಕಲು ಹೋದೆ. ಬ್ಲಾಕ್ ಅಲ್ಯೂಮಿನಿಯಂ, ತೂತು ಆರಪಾರ ಇಲ್ಲ. ಟ್ಯಾಪ್ ಟಪ್ ಅಂತ ಮುರಿದು, ಮೇಲ್ಮೈಗಿಂತ 2 ಮಿಮೀ ಒಳಗೆ ಕೂತಿದೆ. ಡ್ರಿಲ್ ಹಾಕಿ ತೆಗೆಯಲು ನೋಡಿದೆ, ಡ್ರಿಲ್ಲೇ ಮೊಂಡಾಯ್ತು. ಸೀಟಿನ ಸುತ್ತ ಪಂಚ್‌ನಿಂದ ಚುಕ್ಕಿ ಹೊಡೆದು ಬೇರಿಂಗ್ ಕೂರಿಸಿದರೆ ನಡೆಯುತ್ತಾ?

ಉತ್ತರ

ಮೊದಲು ಪಂಚ್ ಕೆಳಗಿಡಿ. ಡ್ರಿಲ್ಲನ್ನೂ.

ನಿಮ್ಮ ಲೇತ್ ಡಯಲ್ ಟೂಲ್ ಎಷ್ಟು ಮುಂದೆ ಹೋಯಿತು ಅಂತ ತೋರಿಸುತ್ತದೆ. ಟೂಲ್ 0.10 ಮುಂದೆ ಹೋದರೆ ಜಾಬ್ (ಕೆತ್ತುತ್ತಿರುವ ತುಂಡು) ಸುತ್ತಲೂ ಅಷ್ಟು ಸವೆದು ವ್ಯಾಸದಲ್ಲಿ 0.20 ಹೋಗುತ್ತದೆ. 20.10ರಿಂದ 19.90. ಲೆಕ್ಕ ಸರಿಯಾಗಿಯೇ ಇದೆ ನೋಡಿ! ಕೆಲವು ಲೇತ್‌ಗಳ ಡಯಲ್‌ನಲ್ಲಿ ನೇರವಾಗಿ ವ್ಯಾಸಕ್ಕೇ ಗೆರೆ ಹಾಕಿರುತ್ತಾರೆ. ಅಂಥದ್ದರಲ್ಲಿ ಕಲಿತು ಇಂಥದ್ದಕ್ಕೆ ಬಂದವರು ಬಹುತೇಕ ಎಲ್ಲರೂ ಒಮ್ಮೆ ಹೀಗೆ ಕೆಡಿಸಿದ್ದೇವೆ.

ಏನು ಮಾಡಬೇಕು ಅಂತ ಹೇಳುವ ಮೊದಲು ಮೂರು ವಿಷಯ ಬೇಕು. ಅಳೆದದ್ದು ವರ್ನಿಯರ್‌ನಲ್ಲಾ, ಮೈಕ್ರೋಮೀಟರ್‌ನಲ್ಲಾ? ಜಾಬ್ ತಣ್ಣಗಾದ ಮೇಲೆ ಅಳೆದಿರಾ? 20 ಮಿಮೀ ಸ್ಟೀಲ್ ಶಾಫ್ಟ್ 40 ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸುಮಾರು 0.009 ಮಿಮೀ ದಪ್ಪ ತೋರಿಸುತ್ತದೆ. ಬೇರಿಂಗ್ ಸೀಟಿಗೆ ಇದು ಚಿಕ್ಕ ಮಾತಲ್ಲ. ಮೂರನೆಯದು, ಶಾಫ್ಟಿನ ತುದಿ ಬದಲಿಸುವಾಗ ಚಕ್‌ನ ದವಡೆಯಲ್ಲಿ ಹಿಡಿದಿರಾ, ಅಥವಾ ಎರಡು ಸೆಂಟರ್ (ಮೊನೆ) ನಡುವೆಯಾ? ಹೌಸಿಂಗ್‌ನಲ್ಲಿ ಬೇರಿಂಗ್ ಕೂರುವ ತೂತು ಬೋರ್ ಆಗಿದೆಯಾ ಅನ್ನುವುದನ್ನೂ ಹೇಳಿ.

ಕೇಳಿದವರು

ಮೈಕ್ರೋಮೀಟರ್. ಈಗ ತಣ್ಣಗಿದೆ, ಮತ್ತೆ ಅಳೆದೆ: 19.89. ಸೆಂಟರ್‌ಗಳ ನಡುವೆಯೇ ಹಿಡಿದದ್ದು. ಒಂದು ಬ್ಲಾಕಿಗೆ 6204ರ ಹೊರ ವ್ಯಾಸಕ್ಕೆ ತಕ್ಕಂತೆ 47 ಬೋರ್ ಆಗಿದೆ. ಟ್ಯಾಪ್ ಮುರಿದ ಬ್ಲಾಕಿಗೆ ಇನ್ನೂ ಮಾಡಿಲ್ಲ.

ಉತ್ತರ

ಬೋರ್ ಮಾಡಿಲ್ಲವಾ? ಹಾಗಾದರೆ ನೀವು ಗೆದ್ದಿರಿ.

ಮೊದಲು ಬೇಡದ ದಾರಿಗಳು. ಪಂಚ್ ಚುಕ್ಕಿಯಲ್ಲಿ ಬೇರಿಂಗ್ ನಿಲ್ಲುವುದು ಆ ಚುಕ್ಕಿಗಳ ತುದಿ ಮೇಲೆ ಮಾತ್ರ. ಬೆಲ್ಟ್ ಸದಾ ಒಂದೇ ಕಡೆಗೆ ಎಳೆಯುತ್ತದೆ, ಶಾಫ್ಟ್ ತಿರುಗುತ್ತಿರುತ್ತದೆ. ಹಾಗಾಗಿ ಒಳ ರಿಂಗ್ ಬಿಗಿಯಾಗಿರಲೇಬೇಕು. ಇಲ್ಲದಿದ್ದರೆ ಅದು ಶಾಫ್ಟ್ ಮೇಲೆ ತೆವಳುತ್ತಾ ಚುಕ್ಕಿಗಳನ್ನು ಸವೆಸಿಬಿಡುತ್ತದೆ. ನರ್ಲಿಂಗ್ (ಒತ್ತಿ ಗೀರು ಎಬ್ಬಿಸುವುದು) ಕಥೆಯೂ ಇಷ್ಟೇ.

ಬೇರಿಂಗ್ ಕೂರಿಸುವ ಅಂಟು ಇದೆ, ಲಾಕ್‌ಟೈಟ್ 638 ಥರದ್ದು. ಇಷ್ಟು ಗ್ಯಾಪ್ ಅದು ತುಂಬುತ್ತದೆ. ಆದರೆ ಬೇರಿಂಗ್ ಒಂದು ಪಕ್ಕಕ್ಕೆ ವಾಲಿ ಗಟ್ಟಿಯಾದರೆ ಶಾಫ್ಟ್ ಓಲಾಡುತ್ತದೆ. ಮುಂದೆ ಬಿಚ್ಚಬೇಕಾದರೆ ಜೋರಾಗಿ ಕಾಯಿಸಬೇಕು, ಬೇರಿಂಗ್ ಕೆಟ್ಟಂತೆಯೇ. 0.02, 0.03 ಸಡಿಲ ಇದ್ದಿದ್ದರೆ ನಾನೇ ಅಂಟು ಹಾಕಿ ಅನ್ನುತ್ತಿದ್ದೆ.

ಬುಶ್ (ಕೊಳವೆಯಂಥ ತುಂಡು) ಹಾಕುವುದು ಹಳೆಯ, ಒಳ್ಳೆಯ ದಾರಿ. ಸೀಟನ್ನು 16ಕ್ಕೆ ಇಳಿಸಿ, ಬುಶ್ ಒತ್ತಿ, ಅದರ ಮೇಲೆ 20ಕ್ಕೆ ಟರ್ನ್ ಮಾಡುವುದು. ಆದರೆ ತಿರುಚುವ ಬಲ ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 20ರಿಂದ 16 ಅಂದರೆ ಸುಮಾರು ಅರ್ಧ. ಅದರ ಮೇಲೆ ಬುಶ್ ತಲೆನೋವು ಬೇರೆ.

ನಾನಾಗಿದ್ದರೆ ಆ ತುದಿಯನ್ನು 17ಕ್ಕೆ ಇಳಿಸಿ 6203 ಬೇರಿಂಗ್ ಹಾಕುತ್ತಿದ್ದೆ. ಅದರ ಒಳ ವ್ಯಾಸ 17, ಹೊರ ವ್ಯಾಸ 40, ಅಗಲ 12. ಬೋರ್ ಆಗದ ಬ್ಲಾಕಿಗೆ 47ರ ಬದಲು 40 ಬೋರ್ ಮಾಡಿ. ಇಲ್ಲೂ ಶಕ್ತಿ ಸುಮಾರು ಶೇ. 61ಕ್ಕೆ ಇಳಿಯುತ್ತದೆ. ಅದಕ್ಕೇ ಡ್ರೈವ್ ಪುಲ್ಲಿಯನ್ನು ಆ ತುದಿಗೆ ಹಾಕಬೇಡಿ, 20 ಇರುವ ಕಡೆಗೇ ಇರಲಿ.

ಒಂದು ಮಜಾ ಇದೆ. 14 ಮಿಮೀ ಸೀಟ್ ಪೂರ್ತಿ ಇಳಿಸಬೇಡಿ. 28ರ ಭಾಗ ಮುಗಿಯುವ ಮೆಟ್ಟಿಲ ಪಕ್ಕ 1.9 ಮಿಮೀಯಷ್ಟು ಹಾಗೇ 19.89ರಲ್ಲಿ ಬಿಡಿ. 28 ಮಿಮೀ ಮೆಟ್ಟಿಲಿಗೆ 6203 ನೇರವಾಗಿ ಒರಗಿದರೆ ಅದು ಬೇರಿಂಗ್ ಮುಚ್ಚಳಕ್ಕೆ ಉಜ್ಜುತ್ತದೆ. ಒಳಗೆ 20, ಹೊರಗೆ 23, ದಪ್ಪ 2 ಮಿಮೀ ಇರುವ ಒಂದು ರಿಂಗ್ ಮಾಡಿ ಆ ಉಳಿದ ಜಾಗದ ಮೇಲೆ ತೂರಿಸಿ. ಬೇರಿಂಗ್ ಅದಕ್ಕೆ ಒರಗಲಿ. ನೀವು ಕೆಡಿಸಿದ ಅಳತೆಯೇ ಈಗ ರಿಂಗಿಗೆ ಸೀಟ್.

17ರ ಸೀಟಿಗೆ 17.001ರಿಂದ 17.012ರ ಒಳಗೆ ನಿಲ್ಲಿಸಿ. ಕೊನೆಯ 0.60 ಉಳಿದಾಗ ನಿಲ್ಲಿಸಿ, ತಣ್ಣಗಾಗಲು ಬಿಟ್ಟು ಅಳೆಯಿರಿ. ಅದನ್ನು ಎರಡು ಸಮ ಕಟ್ ಮಾಡಿ, ಡಯಲ್‌ನಲ್ಲಿ 0.15, 0.15. ಮೊದಲನೆಯದರ ನಂತರ ಅಳೆದರೆ ಟೂಲ್ ಎಷ್ಟು ಬಾಗುತ್ತಿದೆ ಅಂತ ಗೊತ್ತಾಗುತ್ತದೆ, ಎರಡನೆಯದಕ್ಕೆ ಅಷ್ಟು ಸರಿ ಮಾಡಿಕೊಳ್ಳಬಹುದು. ಡಯಲ್ ಜಾಸ್ತಿ ತಿರುಗಿದರೆ ಬರೀ ಹಿಂದಕ್ಕೆ ಎಳೆದುಕೊಳ್ಳಬೇಡಿ. ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ, ಇಲ್ಲದಿದ್ದರೆ ಸ್ಕ್ರೂವಿನ ಸಡಿಲ ನಿಮಗೆ ಸುಳ್ಳು ಹೇಳುತ್ತದೆ.

ಇನ್ನೊಬ್ಬರ ಉತ್ತರ

ಟ್ಯಾಪ್ ಬಗ್ಗೆ ನಾನು ಹೇಳುತ್ತೇನೆ, ಈ ವಿಷಯದಲ್ಲಿ ನನಗೆ ಅನುಭವ ಬೇಕಾದಷ್ಟಿದೆ. ಬ್ಲಾಕ್ ಅಲ್ಯೂಮಿನಿಯಂ ಆಗಿರುವುದು ನಿಮ್ಮ ಪುಣ್ಯ. ಪಟಿಕ ಹಾಕಿ. ಬಿಸಿ ನೀರಿನಲ್ಲಿ ಕರಗುವಷ್ಟು ಪಟಿಕ ಕರಗಿಸಿ, ಬ್ಲಾಕ್ ಮುಳುಗಿಸಿ, ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯಲ್ಲಿ ಇಟ್ಟಿರಿ. ಸ್ಟೀಲ್ ಟ್ಯಾಪ್ ಗುಳ್ಳೆ ಬಿಡುತ್ತಾ ಕಪ್ಪು ರಾಡಿಯಾಗಿ ಕರಗುತ್ತದೆ. ಅಲ್ಯೂಮಿನಿಯಂಗೆ ಹೇಳಿಕೊಳ್ಳುವಂಥ ಪೆಟ್ಟಾಗುವುದಿಲ್ಲ. ಹಿತ್ತಾಳೆಗೂ ಇದು ನಡೆಯುತ್ತದೆ, ಸ್ಟೀಲ್ ಜಾಬ್‌ಗೆ ಮಾತ್ರ ಬೇಡವೇ ಬೇಡ.

ಗಂಟೆಗಟ್ಟಲೆ ಹಿಡಿಯುತ್ತದೆ, ಕೆಲವೊಮ್ಮೆ ಒಂದು ದಿನವೇ. ತೂತು ಮೇಲ್ಮುಖವಾಗಿರಲಿ, ಗುಳ್ಳೆ ಒಳಗೆ ಸಿಕ್ಕಿಕೊಂಡರೆ ಕೆಲಸ ನಿಲ್ಲುತ್ತದೆ. ಗಾಜಿನ ಪಾತ್ರೆ ಒಳ್ಳೆಯದು, ಕಬ್ಬಿಣದ್ದಾದರೆ ಪಾತ್ರೆಯೂ ಕರಗುತ್ತದೆ. ಬ್ಲಾಕಿನಲ್ಲಿ ಸ್ಟೀಲ್ ಪಿನ್ ಏನಾದರೂ ಇದ್ದರೆ ಮೊದಲೇ ತೆಗೆಯಿರಿ. ಆ ಗುಳ್ಳೆ ಹೈಡ್ರೋಜನ್, ಗಾಳಿ ಆಡುವ ಜಾಗ ಬೇಕು, ಹತ್ತಿರ ಬೆಂಕಿ ಬೇಡ.

ಯಾಕೆ ಮುರೀತು ಅಂತಲೂ ನೋಡಿ. ಎಂ6ಕ್ಕೆ 5.0 ಡ್ರಿಲ್. ಎಷ್ಟು ಹಾಕಿದ್ದಿರಿ?

ಕೇಳಿದವರು

4.8. ಅದೇ ಕೈಗೆ ಸಿಕ್ಕಿತ್ತು. ಎಣ್ಣೆಯನ್ನೂ ಹಾಕಿರಲಿಲ್ಲ.

ಇನ್ನೊಬ್ಬರ ಉತ್ತರ

ಇನ್ನೇನು ಬೇಕು ಮುರಿಯಲು! ಮುಂದಿನ ಸಲ 5.0, ಸೀಮೆಎಣ್ಣೆ ಹಾಕಿ, ಒಂದು ಸುತ್ತು ಮುಂದೆ ಹೋದರೆ ಅರ್ಧ ಸುತ್ತು ಹಿಂದೆ. ಆರಪಾರ ಇಲ್ಲದ ತೂತಿನಲ್ಲಿ ಚೂರು ತಳದಲ್ಲಿ ತುಂಬುತ್ತದೆ. ಟ್ಯಾಪ್ ಹೊರಗೆ ತೆಗೆದು ತೂತು ಊದಿ, ಕನ್ನಡಕ ಹಾಕಿಕೊಂಡೇ ಊದಿ. ಥ್ರೆಡ್ ಹಾಳಾಗಿದ್ದರೆ 6.8 ಡ್ರಿಲ್ ಹಾಕಿ ಎಂ8ಗೆ ಹೋಗಿ.

ಕೇಳಿದವರು

ಎರಡು ದಿನದ ನಂತರ ಬರೆಯುತ್ತಿದ್ದೇನೆ. ಪಟಿಕದಲ್ಲಿ ಹದಿನಾರು ಗಂಟೆ ಇಟ್ಟ ಮೇಲೆ ಉಳಿದ ತುಂಡು ಸೂಜಿಯಿಂದ ಮೀಟಿದ್ದಕ್ಕೇ ಪುಡಿಯಾಗಿ ಬಂತು. ನನ್ನ ಡ್ರಿಲ್ ಸಾಹಸದಿಂದ ಬಾಯಿ ಹತ್ತಿರ ಥ್ರೆಡ್ ಹೋಗಿತ್ತು, ಎಂ8 ಮಾಡಿದೆ. ಸೀಟ್ 17.008ಕ್ಕೆ ನಿಂತಿದೆ, ರಿಂಗ್ ಕೂಡ ಕೂತಿದೆ. ಡಯಲ್ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: "ಅರ್ಧ ಕೊಡು".

40ರ ಬೋರ್ ಬಾಕಿ ಇದೆ. ನಾಳೆ ಬೆಳಿಗ್ಗೆ ಮಾಡುತ್ತೇನೆ, ಇವತ್ತು ರಾತ್ರಿ ಅಲ್ಲ.