ಪಿಟ್ ಬುಲ್ ತರೋಣ ಅಂತಿದೀನಿ, ಮನೇಲಿ ಚಿಕ್ಕ ಮಕ್ಕಳಿದ್ದಾರೆ: ಸಾಕಿದವರು ಹೇಳಿ

ಕೇಳಿದವರು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಊರಾಚೆ ಒಂದು ಶೆಲ್ಟರ್‌ನಲ್ಲಿ ಹೆಣ್ಣು ಪಿಟ್ ಬುಲ್ ಒಂದಿದೆ. ನಾಲ್ಕು ವರ್ಷ ಇರಬಹುದು ಅಂತಾರೆ. ಮರಿ ಮಾರೋಕೆ ಇಟ್ಟುಕೊಂಡಿದ್ದವರು ಇನ್ನು ಇದರಿಂದ ಲಾಭ ಇಲ್ಲ ಅಂತ ಗೊತ್ತಾದ ಮೇಲೆ ರಿಂಗ್ ರೋಡ್ ಪಕ್ಕ ಬಿಟ್ಟು ಹೋಗಿದ್ದಂತೆ. ಎರಡೂ ಕಿವಿ ಕತ್ತರಿಸಿದ್ದಾರೆ. ನಾನು ನೋಡೋಕೆ ಹೋದಾಗ ಬಂದು ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿಬಿಟ್ಟಳು. ಅವತ್ತಿಂದ ಮನಸ್ಸು ಅಲ್ಲೇ ಇದೆ.

ಮನೇಲಿ 7 ವರ್ಷದ ಮಗಳು, 3 ವರ್ಷದ ಮಗ, ನಮ್ಮತ್ತೆ. ಎರಡನೇ ಮಹಡಿ ಫ್ಲ್ಯಾಟ್. ನಮ್ಮೆಜಮಾನ್ರು "ನೀನು ನ್ಯೂಸ್ ನೋಡೋದೇ ಇಲ್ವಾ?" ಅಂತಾರೆ. ಸಾಕಿದವರೂ ಹೇಳಿ, ಸಾಕಿ ಕೈಬಿಟ್ಟವರೂ ಹೇಳಿ. "ನಾಯಿ ದೇವರು" ಅನ್ನೋದೂ ಬೇಡ, "ಅದು ರಾಕ್ಷಸ" ಅನ್ನೋದೂ ಬೇಡ. ಉತ್ತರ ಹೇಳೋಕೆ ಶೆಲ್ಟರ್‌ನವರು ಎರಡು ವಾರ ಕೊಟ್ಟಿದ್ದಾರೆ.

ಮೈಸೂರಿನಿಂದ ಒಬ್ಬ ತಾಯಿ

ನಮ್ಮನೇಲಿ ಐದು ವರ್ಷದಿಂದ ಇದ್ದಾಳೆ, ಹೆಸರು ಬೆಲ್ಲ. ತಂದಾಗ ಮಗಳಿಗೆ ನಾಲ್ಕು ವರ್ಷ. ಇವತ್ತು ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಮಳೆ ನೋಡ್ತಾರೆ. ಆ ಫೋಟೋ ಹಾಕಿದ್ರೆ ನೂರು ಜನ ಲೈಕ್ ಒತ್ತುತ್ತಾರೆ, ಆದ್ರೆ ಅದರ ಹಿಂದಿನ ಎಂಟು ತಿಂಗಳ ಫೋಟೋ ಯಾರ ಹತ್ರಾನೂ ಇಲ್ಲ, ಅದಕ್ಕೆ ಬರೀತಿದೀನಿ.

ಮೊದಲನೇದು, ಕಾಲ ಮೇಲೆ ತಲೆ ಇಟ್ಟಳು ಅಂದ್ರಲ್ಲ, ಅದನ್ನ ಲೆಕ್ಕಕ್ಕೆ ತಗೋಬೇಡಿ. ನಿಮ್ಮ ಮನಸ್ಸು ನೋಯಿಸೋಕೆ ಹೇಳ್ತಿಲ್ಲ. ಶೆಲ್ಟರ್ ನಾಯಿಗಳ ವಿಷಯದಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಮಾತಿದೆ. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ಲಯ ಹಿಡಿಯುತ್ತೆ, ನಿಜವಾದ ನಾಯಿ ಕಾಣಿಸೋಕೆ ಮೂರು ತಿಂಗಳು. ಬೆಲ್ಲ ಮೊದಲ ವಾರ ಮಲಗಿದ್ದೇ ಮಲಗಿದ್ದು. "ಎಷ್ಟು ಸಾಧು!" ಅಂತ ನಾವೂ ಕುಣಿದಾಡಿದ್ವಿ. ಇಪ್ಪತ್ತನೇ ದಿನ ಮಗಳ ಕೈಯಿಂದ ಚಕ್ಕುಲಿ ಚೂರು ಕೆಳಗೆ ಬಿತ್ತು. ಇವಳು ಅದರ ಮೇಲೆ ನಿಂತು ಮೈ ಸೆಟೆದು ಗುರ್ ಅಂದಳು. ಸಾಧು ಅಂದುಕೊಂಡಿದ್ದು ಬರೀ ಸುಸ್ತು, ಭಯ.

ಅವತ್ತಿಂದ ಊಟ ಬೇರೆ. ಅಡುಗೆಮನೆ ಬಾಗಿಲಿಗೆ ಅಡ್ಡಗೇಟು ಹಾಕಿಸಿದ್ವಿ (ಮಗು ಮೆಟ್ಟಿಲು ಹತ್ತದ ಹಾಗೆ ಹಾಕ್ತಾರಲ್ಲ, ಅದೇ, ಆದ್ರೆ ಅಂಗಡಿಯದು ಇವಳ ಒಂದೇ ತಳ್ಳಿಗೆ ಕಿತ್ತು ಬಂತು, ಆಮೇಲೆ ವೆಲ್ಡಿಂಗ್‌ನವರ ಹತ್ರ ಮಾಡಿಸಿದ್ವಿ). ನಾಯಿ ತಿನ್ನುವಾಗ ಮಗು ಗೇಟಿನ ಈಚೆ. ಮಗು ತಿನ್ನುವಾಗ ನಾಯಿ ಗೇಟಿನ ಆಚೆ. ನಾಯಿ ತನ್ನ ಚಾಪೆ ಮೇಲಿದ್ರೆ ಯಾರೂ ಮುಟ್ಟೋ ಹಾಗಿಲ್ಲ, ಕರೆಯೋ ಹಾಗೂ ಇಲ್ಲ. ಮೂರು ತಿಂಗಳು ಮನೆಯೊಳಗೂ ನಾಯಿಯ ಬೆಲ್ಟ್ ನನ್ನ ಸೊಂಟಕ್ಕೇ ಕಟ್ಟಿತ್ತು. ಒಗ್ಗರಣೆ ಹಾಕುವಾಗಲೂ. ಬಚ್ಚಲಿಗೆ ಹೋಗಬೇಕಾದ್ರೆ ಅವಳನ್ನೂ ಕರ್ಕೊಂಡು ಹೋಗ್ತಿದ್ದೆ, ನಗಬೇಡಿ. ಆ ವಯಸ್ಸಿನ ಮಗುವನ್ನೂ ನಾಯಿಯನ್ನೂ ಒಂದೇ ಕೋಣೇಲಿ ಬಿಟ್ಟು ಒಂದು ನಿಮಿಷವೂ ಆಚೆ ಹೋಗಬಾರದು. ಯಾವ ಜಾತಿ ನಾಯಿಯಾದ್ರೂ ಅಷ್ಟೇ.

ಮಗಳಿಗೆ ಕಲಿಸಿದ್ದು ಒಂದೇ: ನಾಯಿ ಮೈಮೇಲೆ ಬಂದ್ರೆ ಓಡಬೇಡ, ಕಿರುಚಬೇಡ, ಕೈ ಕಟ್ಟಿ ನೆಲ ನೋಡ್ತಾ ಮರ ಆಗು. ನಾಲ್ಕು ವರ್ಷದವಳು ಕಲಿತಳು. ಮೂರು ವರ್ಷದವನು ಕಲೀತಾನಾ? ನನಗೆ ಅನುಮಾನ.

ಬೆಳಿಗ್ಗೆ ಐದೂವರೆಗೆ ವಾಕಿಂಗ್, ಸಂಜೆ ಹಗ್ಗ ಜಗ್ಗಾಟ. ಅದು ತಪ್ಪಿದ ದಿನ ಚಪ್ಪಲಿ, ದಿಂಬು, ಒಂದು ಸಲ ನನ್ನ ಮದುವೆ ಆಲ್ಬಂ.

ಧಾರವಾಡದಿಂದ

ಅಕ್ಕಾರ, ನಾ ಪಿಟ್ ಬುಲ್ ಸಾಕಿಲ್ಲ, ಸುಳ್ಳ ಹೇಳಂಗಿಲ್ಲ. ನಮ್ಮ ಹೊಲದಾಗ ಮುಧೋಳ ನಾಯಿ ಅದಾವ. ಒಂದ ಮಾತ ಹೇಳ್ತೀನ್ರಿ. ಯಾವ ನಾಯಿ ಕಡೀತೈತಿ ಅಂತ ಕೇಳಬ್ಯಾಡ್ರಿ, ಎಲ್ಲಾನೂ ಕಡೀತಾವ. ಕಡದ ಮ್ಯಾಲ ಬಿಡತೈತೋ ಇಲ್ಲೋ, ಅದನ್ನ ಕೇಳ್ರಿ. ನಮ್ಮ ಓಣ್ಯಾಗಿನ ಪೊಮೆರೇನಿಯನ್ ನನಗ ಮೂರ ಸಲ ಕಡದೈತಿ, ಟಿಂಚರ್ ಹಚ್ಚಿಕೊಂಡ ಹೊಲಕ್ಕ ಹೋಗೇನಿ.

ಶಿವಮೊಗ್ಗದಿಂದ ಒಬ್ಬ ಪಶುವೈದ್ಯ

ಧಾರವಾಡದವರು ಹೇಳಿದ್ದನ್ನು ನಾನು ಕ್ಲಿನಿಕ್‌ನಲ್ಲಿ ದಿನಾ ಹೇಳ್ತೀನಿ, ಇಷ್ಟು ಚೆನ್ನಾಗಿ ಹೇಳೋಕೆ ಬರಲ್ಲ ಅಷ್ಟೆ.

ಜಾತಿ ನೋಡಿ ಗುಣ ಹೇಳೋದು ಕಷ್ಟ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಹಿತಿ ಇಟ್ಟುಕೊಂಡ ಒಂದು ಅಧ್ಯಯನ ಬಂತು. ಒಂದೊಂದು ನಾಯಿಯ ವರ್ತನೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಜಾತಿಯಿಂದ ವಿವರಿಸಲು ಆಗೋದು ಶೇ 9ರಷ್ಟು ಮಾತ್ರ ಅಂತ ಅದರಲ್ಲಿತ್ತು. ಹಾಗಂತ 2022ರ ಜುಲೈನಲ್ಲಿ ಲಖನೌದಲ್ಲಿ ಮನೆಯ ಪಿಟ್ ಬುಲ್ಲೇ 80 ದಾಟಿದ ಅಜ್ಜಿಯನ್ನು ಕೊಂದದ್ದು ಸುಳ್ಳಾಗಲ್ಲ. ನಿಮ್ಮ ಯಜಮಾನರು ನೋಡಿದ್ದು ಅಂಥ ಸುದ್ದಿಯೇ ಇರಬೇಕು. ಎರಡನ್ನೂ ತಲೇಲಿ ಇಟ್ಟುಕೊಂಡು, ಎದುರಿಗಿರೋ ಈ ಒಂದು ನಾಯಿಯನ್ನು ನೋಡಿ.

ಶೆಲ್ಟರ್‌ನಲ್ಲಿ ಕೇಳಬೇಕಾದ್ದು: ಮಕ್ಕಳ ಎದುರಿಗೆ ತಂದು ನೋಡಿದ್ದೀರಾ, ಎಷ್ಟು ಸಲ? ತಿನ್ನುವಾಗ ಬಟ್ಟಲ ಹತ್ತಿರ ಹೋದ್ರೆ ಏನು ಮಾಡ್ತಾಳೆ? ಬೇರೆ ನಾಯಿ, ಬೆಕ್ಕು ಕಂಡ್ರೆ? ಗರ್ಭಕೋಶದ ಆಪರೇಷನ್ ಆಗಿದೆಯಾ? ರೇಬೀಸ್ ಲಸಿಕೆ ಯಾವಾಗ ಹಾಕಿದ್ದು, ಕಾರ್ಡ್ ಇದೆಯಾ? ಆಮೇಲೆ ರಕ್ತ ಪರೀಕ್ಷೆ, ಇದನ್ನ ಎಲ್ಲರೂ ಮರೀತಾರೆ. ಬಬೇಸಿಯಾ ಗಿಬ್ಸೋನಿ ಅನ್ನೋ ರಕ್ತದ ಪರಾವಲಂಬಿ ಉಣ್ಣಿ ಹುಳ ಕಚ್ಚಿದರೆ ಬರುತ್ತೆ. ನಾಯಿ ನಾಯಿ ಕಚ್ಚಾಡಿದರೂ ದಾಟುತ್ತೆ, ಹಾಗಾಗಿ ಕಾದಾಟಕ್ಕೆ ಬಳಸಿದ ಪಿಟ್ ಬುಲ್‌ಗಳಲ್ಲಿ ಜಾಸ್ತಿ. ಮೇಲೆ ಆರೋಗ್ಯವಾಗಿ ಕಂಡು ಒಳಗೇ ಇಟ್ಟುಕೊಂಡಿರ್ತವೆ. ಸುಸ್ತಾದ ನಾಯಿ ಸಾಧುವಾಗಿ ಕಾಣೋಕೆ ಇದೂ ಒಂದು ಕಾರಣ.

ಕೊನೇದಾಗಿ, ನಾಯಿ ಗುರ್ ಅಂದ್ರೆ ಹೊಡೀಬೇಡಿ. ಅದಕ್ಕಿಂತ ಮುಂಚೆ ಅದು ತುಟಿ ನೆಕ್ಕಿರುತ್ತೆ, ಸುಮ್ಮಸುಮ್ಮನೆ ಆಕಳಿಸಿರುತ್ತೆ, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡಿರುತ್ತೆ, ಆಮೇಲೆ ಮೈ ಕಲ್ಲಾಗಿರುತ್ತೆ. ಗುರ್ ಅನ್ನೋದು ಅದರ ಕೊನೇ ಮಾತು. ಹೊಡೆದು ಆ ಮಾತನ್ನೂ ಕಿತ್ತುಕೊಂಡ್ರೆ ಮುಂದಿನ ಸಲ ನೇರ ಹಲ್ಲು.

ಬೆಂಗಳೂರಿನಿಂದ, ವಾಪಸ್ ಕೊಟ್ಟವರು

ಸಾಕಿ ಕೈಬಿಟ್ಟವರೂ ಹೇಳಿ ಅಂದ್ರಿ. ಹೇಳ್ತೀನಿ.

ನಮ್ಮದು ಗಂಡು, ಮೂರು ವರ್ಷದ್ದು, ಅದೂ ಶೆಲ್ಟರ್‌ನಿಂದ. ನನ್ನ ಮಕ್ಕಳಿಗೆ ಆಗ ಐದು, ಎಂಟು. ಮೈಸೂರಿನ ಅಕ್ಕ ಬರೆದಿದ್ದೆಲ್ಲ ನಾವೂ ಮಾಡಿದ್ವಿ. ಗೇಟು, ಬೆಲ್ಟು, ಚಾಪೆ, ಟ್ರೈನರ್. ದನದ ಬಾಯಿಗೆ ಕುಕ್ಕೆ ಹಾಕ್ತಾರಲ್ಲ, ಆ ಥರದ್ದು ಹಾಕಿಸಿಕೊಳ್ಳೋದನ್ನೂ ಕಡಲೆಬೀಜದ ಬೆಣ್ಣೆ ಸವರಿ ಸವರಿ ಅಭ್ಯಾಸ ಮಾಡಿಸಿದ್ವಿ. ಹತ್ತು ತಿಂಗಳು ಒಂದು ಗೆರೆ ಗಾಯ ಇಲ್ಲ. ನನ್ನ ಮಕ್ಕಳಿಗೆ ಕೊನೆವರೆಗೂ ಏನೂ ಮಾಡಲಿಲ್ಲ.

ಬೇಸಿಗೆ ರಜೆಗೆ ತಂಗಿ ಮಗ ಬಂದ. ಆರು ವರ್ಷ. ಭಾನುವಾರ ಮಧ್ಯಾಹ್ನ, ಮನೆ ತುಂಬ ಜನ. ಗ್ಯಾಸ್‌ನವನು ಬಂದ, ಅಮ್ಮ ಅಡುಗೆಮನೆ ಗೇಟು ತೆಗೆದು ಸಿಲಿಂಡರ್ ಒಳಗೆ ಬಿಡಿಸಿದರು, ಗೇಟು ಹಾಗೇ ಉಳೀತು. ಹುಡುಗ ಚಪಾತಿ ರೋಲ್ ಕೈಯಲ್ಲಿ ಹಿಡ್ಕೊಂಡು ಓಡ್ತಾ ಬಂದ, ನಾಯಿ ಅವನ ಮೈಮೇಲೆ ಬಿದ್ದ ತಕ್ಷಣ ಚಪಾತಿ ಮೇಲೆತ್ತಿ ಕಿರುಚಿದ. ಮೊಣಕೈ ಕೆಳಗೆ ಹಿಡೀತು. ನಾನು ಐದಾರು ಹೆಜ್ಜೆ ದೂರದಲ್ಲಿದ್ದೆ. ಐದಾರು ಹೆಜ್ಜೆ.

ನಲ್ಲಿ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದ್ವಿ, ಹುಡುಗನ ಕೂಗು ಈಗಲೂ ಕಿವೀಲಿದೆ. ಆಸ್ಪತ್ರೇಲಿ ಮೊದಲು ಗಾಯದ ಒಳಗೇ ಇಮ್ಯುನೊಗ್ಲಾಬ್ಯುಲಿನ್ (ರೇಬೀಸ್ ವೈರಸ್ಸನ್ನ ಅಲ್ಲೇ ತಡೆಯೋ ಔಷಧಿ) ಚುಚ್ಚಿದರು, ಹೊಲಿಗೆ ಅವತ್ತೇ ಹಾಕಲ್ಲ ಅಂದರು. ನಾಯಿ ಕಚ್ಚಿದ ಗಾಯಕ್ಕೆ ಹಾಗೇ ಮಾಡೋದಂತೆ. ನಾಯಿಗೆ ಲಸಿಕೆ ಆಗಿತ್ತು, ಆದ್ರೂ ಹುಡುಗನಿಗೆ ರೇಬೀಸ್ ಇಂಜೆಕ್ಷನ್ ಪೂರ್ತಿ ಕೋರ್ಸ್. ಗಾಯ ಮಾಗಿದೆ. ಭಾವನೂ ನಾನೂ ಸರಿಯಾಗಿ ಮಾತಾಡೋಕೆ ಒಂದು ವರ್ಷ ಬೇಕಾಯ್ತು.

ಅಮ್ಮ ಎಷ್ಟೋ ದಿನ "ಗೇಟು ತೆಗೆದವಳು ನಾನು" ಅಂತ ಅಳ್ತಿದ್ದರು. ಅಮ್ಮನ ತಪ್ಪಲ್ಲ. ನಮ್ಮನೆ ಬಾಗಿಲು ದಿನಕ್ಕೆ ಎಷ್ಟು ಸಲ ತೆಗೆಯುತ್ತೆ ಅಂತ ನಾನು ಯಾವತ್ತೂ ಎಣಿಸಿರಲಿಲ್ಲ. ಹಾಲು, ಹೂವು, ಕೆಲಸದವರು, ಡೆಲಿವರಿ, ಪಕ್ಕದ ಮನೆ ಮಕ್ಕಳು, ಇಸ್ತ್ರಿ ಬಟ್ಟೆ. ಆ ನಾಯಿಗೆ ಬೇಕಾಗಿದ್ದದ್ದು ಇಬ್ಬರು ದೊಡ್ಡವರಿರೋ ಶಾಂತವಾದ ಮನೆ. ವಾಪಸ್ ಕೊಟ್ಟ ಮೇಲೆ ಅಂಥ ಮನೆಯೇ ಸಿಕ್ತು, ಶೆಲ್ಟರ್‌ನವರು ಫೋಟೋ ಕಳಿಸಿದ್ದರು. ನಾನು ಅದನ್ನ ತೆರೆದು ನೋಡೋಕೆ ನಾಲ್ಕು ದಿನ ಹಿಡೀತು.

ಒಂದು ಕೆಲಸ ಮಾಡಿ. ಈ ಭಾನುವಾರ ಬಾಗಿಲ ಹತ್ತಿರ ಒಂದು ಚೀಟಿ ಅಂಟಿಸಿ, ಮುಂಬಾಗಿಲು ತೆಗೆದಾಗಲೆಲ್ಲ ಒಂದು ಗೀಟು ಎಳೀರಿ. ಯಾರು ತೆಗೆದರು ಅಂತಾನೂ ಬರೀರಿ.

ಬೆಂಗಳೂರಿನಿಂದ, ಅಪಾರ್ಟ್‌ಮೆಂಟ್ ಕಮಿಟಿಯಲ್ಲಿರುವವರು

ಕಾನೂನಿನ ಬಗ್ಗೆ ಚುಟುಕಾಗಿ. 2024ರ ಮಾರ್ಚ್ 12ರಂದು ಕೇಂದ್ರ ಪಶುಸಂಗೋಪನೆ ಇಲಾಖೆ ಪಿಟ್ ಬುಲ್, ರಾಟ್‌ವೀಲರ್ ಸೇರಿ 23 ಜಾತಿ ನಾಯಿಗಳ ಆಮದು, ಮಾರಾಟ, ಸಂತಾನಾಭಿವೃದ್ಧಿ ನಿಲ್ಲಿಸಿ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅಂತ ಅದೇ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆದ್ದರಿಂದ ಆ ಸುತ್ತೋಲೆ ತೋರಿಸಿ "ಬ್ಯಾನ್ ಆಗಿದೆ, ತರಬೇಡಿ" ಅಂತ ನಮ್ಮಂಥ ಕಮಿಟಿಯವರು ಹೇಳಿದರೆ ನಂಬಬೇಡಿ. ಪಾಲಿಕೆ ಲೈಸೆನ್ಸ್ ಮಾಡಿಸಿ. ಇನ್ನು ಸಾಕಿದವರ ಅಜಾಗರೂಕತೆಯಿಂದ ಪ್ರಾಣಿ ಯಾರಿಗಾದರೂ ಅಪಾಯ ಮಾಡೋ ಹಾಗಾದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ, ಆರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರದವರೆಗೆ ದಂಡ ಅಥವಾ ಎರಡೂ. ಲಿಫ್ಟ್‌ನಲ್ಲಿ ಕುಕ್ಕೆ ಹಾಕಿದರೆ ಜಗಳ ಅರ್ಧ ಕಡಿಮೆ, ಇದು ಕಾನೂನಲ್ಲ, ಅನುಭವ.

ಅಮೆರಿಕದ ಡೆನ್ವರಿನಿಂದ

ಇಲ್ಲಿ 1989ರಿಂದ ಪಿಟ್ ಬುಲ್ ನಿಷೇಧ ಇತ್ತು. 2020ರ ನವೆಂಬರ್‌ನಲ್ಲಿ ಜನ ಮತ ಹಾಕಿ ತೆಗೆದರು, ಈಗ ವಿಶೇಷ ಪರ್ಮಿಟ್ ತಗೊಂಡು ಸಾಕಬಹುದು. ಹಾಗೆ ತಂದವರಲ್ಲಿ ನಾವೂ ಒಬ್ಬರು, ಮಗನಿಗೆ ಆಗ ಒಂಬತ್ತು. ನಮಗೆ ಏನೂ ತೊಂದರೆ ಆಗಿಲ್ಲ. ಆದ್ರೆ ನಮ್ಮ ಮನೇಲಿ ಮೂರೇ ಜನ, ವಾರಕ್ಕೊಂದು ಸಲ ಬಾಗಿಲು ತಟ್ಟಿದರೆ ಹೆಚ್ಚು. ಅಪ್ಪ ಅಮ್ಮ ಆರು ತಿಂಗಳಿಗೆ ಊರಿಂದ ಬಂದಾಗಲೇ ನಿಜವಾದ ಪರೀಕ್ಷೆ ಆಗಿದ್ದು. ಅಪ್ಪ ಕದ್ದು ಕದ್ದು ಕೋಡುಬಳೆ ಹಾಕೋರು, ನಾಯಿ ಅವರ ಬಾಗಿಲು ಬಿಟ್ಟು ಕದಲ್ತಾ ಇರಲಿಲ್ಲ, ನಮ್ಮನ್ನೇ ಗುರ್ ಅಂತಿತ್ತು. ಅಜ್ಜಿ ತಾತನಿಗೂ ಟ್ರೈನಿಂಗ್ ಕೊಡಬೇಕು, ನಾಯಿಗಿಂತ ಮೊದಲು.

ಮಂಗಳೂರಿನಿಂದ

ವಾಪಸ್ ಕೊಟ್ಟವರ ನೋವು ಅರ್ಥ ಆಗ್ತದೆ. ಆದರೆ ಬಾಗಿಲು ಎಣಿಸ್ಲಿಕ್ಕೆ ಕೂತ್ರೆ ನಮ್ಮ ದೇಶದಲ್ಲಿ ಯಾರ ಮನೆಯಲ್ಲಿಯೂ ನಾಯಿ ಇರ್ಲಿಕ್ಕಿಲ್ಲ ಮಾರಾಯ್ರೆ. ನಾನು ನಾಲ್ಕು ಪಿಟ್ ಬುಲ್ ತಾತ್ಕಾಲಿಕವಾಗಿ ಇಟ್ಟುಕೊಂಡು ಬೇರೆಯವರಿಗೆ ಕೊಟ್ಟಿದ್ದೇನೆ, ಮಕ್ಕಳ ಮನೆಗೇ ಹೋದವು ಎರಡು, ಚೆಂದ ಉಂಟು. ದತ್ತು ಅಂತ ಬೇಡ, ಎರಡು ತಿಂಗಳು ಇಟ್ಟು ನೋಡ್ತೇವೆ ಅಂತ ಶೆಲ್ಟರ್‌ನವರಿಗೆ ಹೇಳಿ. ದೀಪಾವಳಿ ಹತ್ತಿರ ಮಾತ್ರ ತರಬೇಡಿ, ಪಟಾಕಿಗೆ ಹೆದರಿದ ಹೊಸ ನಾಯಿ ಎಂತ ಮಾಡ್ತದೆ ಹೇಳ್ಲಿಕ್ಕೆ ಆಗುದಿಲ್ಲ.

ವಾಪಸ್ ಕೊಟ್ಟವರು

ಎಣಿಸಿದ ಮೇಲೂ ತರಬಹುದು ಸಾರ್. ಎಣಿಸದೆ ತಂದವನು ನಾನು.

ಕೇಳಿದವರು, ಹನ್ನೊಂದು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಚೀಟಿ ಅಂಟಿಸಿದ್ದೆ. ರಾತ್ರಿ ಒಂಬತ್ತಕ್ಕೆ ಎಣಿಸಿದಾಗ 34 ಗೀಟು. ಅದರಲ್ಲಿ 11 ಸಲ ತೆಗೆದಿದ್ದು ಮಗ, ಕಾಲುಮಣೆ ಇಟ್ಟುಕೊಂಡು ಚಿಲಕ ತೆಗೀತಾನೆ ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮೆಜಮಾನ್ರು ಚೀಟಿ ನೋಡಿದರು, ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ದೊಡ್ಡದು.

ಶೆಲ್ಟರ್‌ಗೆ ಹೋಗಿ ಡಾಕ್ಟರ್ ಬರೆದಿದ್ದನ್ನೆಲ್ಲ ಕೇಳಿದೆ. ಆಪರೇಷನ್ ಆಗಿದೆ, ಲಸಿಕೆ ಕಾರ್ಡ್ ಇದೆ, ರಕ್ತ ಪರೀಕ್ಷೆ ಆಗಿರಲಿಲ್ಲ, ಮಾಡಿಸಿದ್ವಿ. ಬಬೇಸಿಯಾ ಇದೆ. ಔಷಧಿ ಶುರುವಾಗಿದೆ. ಅಂದ್ರೆ ನನ್ನ ಕಾಲ ಮೇಲೆ ತಲೆ ಇಟ್ಟಿದ್ದು ಪ್ರೀತಿನೋ ಸುಸ್ತೋ ಈಗ ನಂಗೂ ಗೊತ್ತಿಲ್ಲ.

ಸದ್ಯಕ್ಕೆ ತರ್ತಿಲ್ಲ. ಮಕ್ಕಳಿಲ್ಲದ ಒಂದು ಮನೆಯವರು ಅವಳನ್ನ ಕೇಳಿದ್ದಾರಂತೆ, ಔಷಧಿ ಕೋರ್ಸ್ ಮುಗಿಯೋವರೆಗೂ ಕಾಯ್ತಾರಂತೆ. ಅಲ್ಲಿವರೆಗೆ ಶನಿವಾರ ಶನಿವಾರ ನಾನು ಹೋಗಿ ವಾಕಿಂಗ್ ಮಾಡಿಸ್ತೀನಿ ಅಂತ ಒಪ್ಪಿಕೊಂಡಿದೀನಿ. ಮಗಳು ತಾನೂ ಬರ್ತೀನಿ ಅಂತ ಹಟ ಮಾಡ್ತಿದ್ದಾಳೆ. ನಿನ್ನೆಯಿಂದ ಹಾಲ್ ಮಧ್ಯ ಕೈ ಕಟ್ಟಿ ನಿಂತು ಮರ ಆಗೋ ಪ್ರಾಕ್ಟೀಸ್ ನಡೀತಿದೆ, ತಮ್ಮ ಅವಳ ಸುತ್ತ ಬೊಗಳ್ತಾ ಓಡ್ತಿದ್ದಾನೆ. ಅತ್ತೆ ಚಿಲಕವನ್ನ ಒಂದಡಿ ಮೇಲಕ್ಕೆ ಹಾಕಿಸಿದ್ದಾರೆ.