ಮೊದಲನೇ ಮಗುವಿಗೆ ಆಟಿಸಂ, ಎರಡನೇದಕ್ಕೆ ಎಂಎಂಆರ್ ಹಾಕಿಸಲಾ?

ಪ್ರಶ್ನೆ: ನನ್ನ ಮಗನಿಗೆ ಆಟಿಸಂ ಇದೆ. ದಡಾರ, ಮಂಗನಬಾವು, ರುಬೆಲ್ಲಾ ತಡೆಯೋ ಎಂಎಂಆರ್ ಚುಚ್ಚುಮದ್ದು ಆದಮೇಲೇ ಮಾತು ನಿಂತಿದ್ದು ಅಂತ ಮನೆಯವರೆಲ್ಲ ಹೇಳ್ತಾರೆ. ಈಗ ಮಗಳಿಗೆ ಅದೇ ಲಸಿಕೆಯ ಸಮಯ ಬಂದಿದೆ. ಕೈಕಾಲು ಆಡ್ತಿಲ್ಲ. ಇದನ್ನ ದಾಟಿ ಬಂದವರು ಏನು ಮಾಡಿದಿರಿ?

ಇಬ್ಬರು ಮಕ್ಕಳ ತಾಯಿ: ನೀವು ಬರೆದಿದ್ದು ಓದ್ತಾ ಎದೆ ಧಸಕ್ಕೆಂದಿತು. ನಾನೂ ಇದನ್ನೇ ಕೇಳ್ತಾ ಅಲೆದವಳು. ಮಗನಿಗೆ ಹದಿನೈದು ತಿಂಗಳಿಗೆ ಎಂಎಂಆರ್ ಹಾಕಿಸಿದ್ವಿ, ಹದಿನೆಂಟಕ್ಕೆ ಬರ್ತಿದ್ದ ನಾಲ್ಕು ಮಾತೂ ಹೋಯ್ತು. ಎರಡು ವರ್ಷ ಆ ಸೂಜಿಯನ್ನ ದೂರಿದೆ, ಅದಕ್ಕಿಂತ ಹೆಚ್ಚಾಗಿ ಕರ್ಕೊಂಡು ಹೋದ ನನ್ನನ್ನೇ ದೂರಿಕೊಂಡೆ. ಒಂದಿನ ಹಳೇ ಫೋನಿನಲ್ಲಿ ಅವನ ಹನ್ನೊಂದು ತಿಂಗಳ ವಿಡಿಯೋ ಸಿಕ್ತು. ಆಟದ ಕಾರನ್ನ ಬೋರಲು ಹಾಕಿಕೊಂಡು ಒಂದೇ ಚಕ್ರ ತಿರುಗಿಸ್ತಿದ್ದಾನೆ. ಹಿಂದಿನಿಂದ ನಾನು ಹೆಸರು ಹಿಡಿದು ಕೂಗ್ತೀನಿ, ಮೂರು ಸಲ. ನಾಲ್ಕನೇ ಸಲ ಚಪ್ಪಾಳೆ ತಟ್ಟಿ ಕೂಗ್ತೀನಿ. ಚಕ್ರದಿಂದ ಕಣ್ಣು ಕದಲಲ್ಲ. "ಎಷ್ಟು ಗಮನ ನೋಡಿ ಇವನಿಗೆ" ಅಂತ ನಗ್ತಿದ್ದೀನಿ ನಾನು. ಚುಚ್ಚುಮದ್ದಿಗೆ ಆಗಿನ್ನೂ ನಾಲ್ಕು ತಿಂಗಳಿತ್ತು.

ಬಂದ ಮಾತು ಬಿಡುವ ಮಕ್ಕಳು ಬಿಡೋದು ಹೆಚ್ಚಾಗಿ ಒಂದೂಕಾಲರಿಂದ ಎರಡು ವರ್ಷದೊಳಗೆ, ಈ ಲಸಿಕೆಯೂ ಅದೇ ಆಸುಪಾಸಿಗೆ ಬೀಳುತ್ತೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗುತ್ತೆ.

ನಿಮ್ಮ ಪ್ರಶ್ನೆಯನ್ನೇ ಹಿಡಿದು ಮಾಡಿದ ಅಧ್ಯಯನವೂ ಇದೆ. 2015ರಲ್ಲಿ ಬಂದಿದ್ದು, ಅಮೆರಿಕದ ಸುಮಾರು 95,000 ಮಕ್ಕಳದ್ದು, ಎಲ್ಲರಿಗೂ ಅಣ್ಣನೋ ಅಕ್ಕನೋ ಇದ್ದರು. ಹಿರಿಯ ಮಗುವಿಗೆ ಆಟಿಸಂ ಇದ್ದ ಮನೆಗಳಲ್ಲೂ ಲಸಿಕೆ ಹಾಕಿಸಿಕೊಂಡ ತಮ್ಮ, ತಂಗಿಯರಿಗೆ ಅಪಾಯ ಹೆಚ್ಚಿರಲಿಲ್ಲ. ಒಡಹುಟ್ಟಿದವರಿಗೆ ಆಟಿಸಂ ಬರುವ ಸಾಧ್ಯತೆ ಜಾಸ್ತಿ ಅನ್ನೋದು ನಿಜ, ಆದರೆ ಅದು ಬಹುಪಾಲು ವಂಶವಾಹಿಯಿಂದ ಬರೋದು. ಲಸಿಕೆ ಬಿಟ್ಟರೆ ಇಳಿಯಲ್ಲ. ಮಗಳು ಕರೆದರೆ ತಿರುಗ್ತಾಳಾ, ಬೆರಳು ಮಾಡಿ ತೋರಿಸ್ತಾಳಾ ನೋಡ್ತಿರಿ, ಅನುಮಾನ ಬಂದರೆ ತಡಮಾಡದೆ ತೋರಿಸಿ. ನನ್ನ ಎರಡನೇ ಮಗುವಿಗೆ ಹಾಕಿಸಿದೆ. ಅಳ್ತಾ ಹಾಕಿಸಿದೆ, ಆದರೂ ಹಾಕಿಸಿದೆ.

ಮುಂದೂಡಿದ್ದ ಒಬ್ಬ ಅಪ್ಪ: "ಮಾತು ಚೆನ್ನಾಗಿ ಬರಲಿ, ಆಮೇಲೆ ನೋಡೋಣ" ಅಂತ ಬಿಟ್ಟಿದ್ವಿ. ಮಗಳಿಗೆ ಎರಡೂವರೆ ವರ್ಷಕ್ಕೆ ದಡಾರ ಬಂತು. ನಾಲ್ಕು ದಿನ 104 ಡಿಗ್ರಿ ಜ್ವರ. ದೀಪ ಹಾಕಿದರೆ ಚೀರ್ತಿದ್ದಳು. ಕೆನ್ನೆಯ ಒಳಗೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆಗಳು. ಮೇಲಿಂದ ನ್ಯುಮೋನಿಯಾ. ಉಸಿರೆಳೆದಾಗೆಲ್ಲ ಪಕ್ಕೆಲುಬಿನ ಸಂದು ಒಳಕ್ಕೆ ಹೋಗೋದನ್ನ ರಾತ್ರಿಯಿಡೀ ನೋಡ್ತಾ ಕೂತಿದ್ದೆ. ಉಳಿದಳು. ಸಾವಿರದಲ್ಲಿ ಸುಮಾರು ಒಬ್ಬರಿಗೆ ಮೆದುಳಿಗೇ ಊತ ಬರುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ದಯವಿಟ್ಟು ಕಾಯಬೇಡಿ.

ಲಸಿಕೆ ಹಾಕುವ ನರ್ಸ್: ಈ ಭಯ ಎಲ್ಲಿಂದ ಬಂತು ಅಂತ ಮನೆಯವರಿಗೆ ಹೇಳಿ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟಿಷ್ ವೈದ್ಯ ಬರೀ 12 ಮಕ್ಕಳನ್ನಿಟ್ಟುಕೊಂಡು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಿಂದ. ಲಸಿಕೆ ಕಂಪನಿಗಳ ಮೇಲೆ ದಾವೆಗೆ ಸಿದ್ಧವಾಗ್ತಿದ್ದ ವಕೀಲರ ಕಡೆಯಿಂದ ಆತನಿಗೆ ಹಣ ಹೋಗಿತ್ತು, ಮಕ್ಕಳ ವಿವರಗಳನ್ನೂ ತಿರುಚಲಾಗಿತ್ತು. ಪತ್ರಕರ್ತ ಬ್ರಯಾನ್ ಡೀರ್ ಇದನ್ನೆಲ್ಲ ಬಯಲಿಗೆಳೆದರು. 2010ರಲ್ಲಿ ಪತ್ರಿಕೆ ಲೇಖನ ಹಿಂಪಡೆಯಿತು, ಆತನ ವೈದ್ಯ ನೋಂದಣಿಯೂ ರದ್ದಾಯ್ತು. ಡೆನ್ಮಾರ್ಕ್‌ನವರು 2019ರಲ್ಲಿ 6,57,461 ಮಕ್ಕಳ ದಾಖಲೆ ನೋಡಿದರು, ಎಂಎಂಆರ್‌ಗೂ ಆಟಿಸಂಗೂ ನಂಟು ಕಾಣಲಿಲ್ಲ. ಪಾದರಸದ ಮಾತೂ ಯಾರಾದರೂ ಎತ್ತಬಹುದು. ಕೆಲವು ಲಸಿಕೆಗಳು ಕೆಡದಂತೆ ಹಾಕುವ, ಪಾದರಸ ಇರುವ ಥಿಯೋಮರ್ಸಾಲ್ ಎಂಎಂಆರ್‌ನಲ್ಲಿ ಯಾವತ್ತೂ ಇರಲೇ ಇಲ್ಲ.

ಆಟಿಸಂ ಇರುವ ಒಬ್ಬರು: ನನಗೆ ಮೂವತ್ತನಾಲ್ಕು. ನನ್ನಂಥ ಮಗು ಆಗೋದಕ್ಕಿಂತ ದಡಾರವೇ ವಾಸಿ ಅಂತ ನನ್ನೆದುರೇ ಅಂದವರಿದ್ದಾರೆ. ನಿಮ್ಮ ಮಗ ಮಾತಾಡದಿದ್ದರೂ ಕೇಳಿಸಿಕೊಳ್ತಾನೆ. ಸೂಜಿಯಿಂದ ಕೆಟ್ಟುಹೋದ ಅಂತ ಅವನ ಮುಂದೆ ಹೇಳೋದನ್ನ ಮನೆಯವರು ಇವತ್ತೇ ನಿಲ್ಲಿಸಲಿ.

ಕೇಳಿದವರು: ಎಲ್ಲರದ್ದೂ ಓದಿದೆ, ಎರಡೆರಡು ಸಲ. ಗುರುವಾರ ಹೋಗ್ತೀವಿ. ಜ್ವರ ಬಂದರೆ?

ನರ್ಸ್: ಬರೋದಾದರೆ ಹೆಚ್ಚಾಗಿ 6ರಿಂದ 12ನೇ ದಿನದೊಳಗೆ ಬರುತ್ತೆ, ಮೈಮೇಲೆ ತೆಳುವಾಗಿ ಕೆಂಪು ಗಂಧೆಯೂ ಏಳಬಹುದು. ಒಂದೆರಡು ದಿನಕ್ಕೆ ಇಳಿಯುತ್ತೆ. ಜ್ವರದ ಫಿಟ್ಸ್ ಬಹಳ ಅಪರೂಪ, ಬಂದರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಆ ದಿನಗಳನ್ನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮನೆಯವರಿಗೆ ಈಗಲೇ ಹೇಳಿಡಿ. ಮೈ ಬಿಸಿಯಾದ ಕೂಡಲೇ ಮತ್ತೆ ಹಳೇ ಮಾತು ಶುರುವಾಗಬಾರದು.